ವಿಳಾಸ ತಿದ್ದುವ ಕಾಯಕ

ಕರ್ನಾಟಕದಲ್ಲಿ ಬೇವೂರು ಒಂದೇ ಅಲ್ಲ. ಬಾಗಲಕೋಟೆ ತಾಲ್ಲೂಕಿನಲ್ಲೊಂದು ಬೇವೂರು, ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲೊಂದು, ದೂರದ ಚನ್ನಪಟ್ಟಣ ತಾಲ್ಲೂಕಿನಲ್ಲಿ ಮತ್ತೊಂದು. ಬರೀ ‘ಬೇವೂರು’ ಎಂದು ಬರೆದು ಡಬ್ಬಿಗೆ ಹಾಕಿದ ಕಾಗದ ಎತ್ತ ಹೋಗಬೇಕು? ಅದಕ್ಕೇ ನಮ್ಮ ಕಡೆಯ ಹಿರಿಯರು ‘ಮು.ಪೋ. ಬೇವೂರು, ತಾ. ಬಾಗಲಕೋಟೆ, ಜಿ. ವಿಜಾಪುರ’ ಎಂದು ಬಿಡಿಸಿ ಬರೆಯುತ್ತಿದ್ದರು.

ಆ ಬಿಡಿಸಿದ ವಿಳಾಸವೂ ಒಂದೇ ರೀತಿ ಉಳಿಯಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಬಾಗಲಕೋಟೆ ಕಡೆಯ ಬೇವೂರು ಇದ್ದದ್ದು ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿ. 1885ರಲ್ಲಿ ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋಯಿತು, ಜಿಲ್ಲೆಯ ಹೆಸರೂ ಬದಲಾಯಿತು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ, 1997ರಲ್ಲಿ ಬಾಗಲಕೋಟೆ ಜಿಲ್ಲೆ. ಊರು ತನ್ನ ನೆಲದಲ್ಲೇ ಇದ್ದು ಅದರ ವಿಳಾಸ ಮತ್ತೆ ಮತ್ತೆ ತಿದ್ದುಪಡಿಯಾಯಿತು. ಹಳೆಯ ವಿಳಾಸ ಹೊತ್ತು ಬಂದ ಕಾಗದವನ್ನು ಹೊಸದಕ್ಕೆ ಹೊಂದಿಸುವ ಕೆಲಸವನ್ನು ಪ್ರತಿ ಸಲವೂ ಯಾರೋ ಮಾಡಿದರು.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಈ ಗೊಂದಲಕ್ಕೆ ಸಿಕ್ಕ ದೊಡ್ಡ ಪರಿಹಾರ. ಅದನ್ನು ರೂಪಿಸಿದವರು ಅಂಚೆ ಇಲಾಖೆಯ ಹಿರಿಯ ಅಧಿಕಾರಿ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಬಾಗಲಕೋಟೆ ಕಡೆಯ ಕಾಗದಕ್ಕೆ 587, ಕೊಪ್ಪಳದ ಕಡೆಯದಕ್ಕೆ 583, ಚನ್ನಪಟ್ಟಣದ ಕಡೆಯದಕ್ಕೆ 562. ಮೊದಲ ಮೂರು ಅಂಕಿ ನೋಡಿದರೆ ಸಾಕು, ಮೂರು ಬೇವೂರುಗಳ ದಾರಿ ಬೇರೆಯಾಗುತ್ತದೆ.

ಇದೇ ಕೆಲಸವನ್ನು ಇಮೇಲಿನ ಲೋಕದಲ್ಲಿ ಮಾಡುವುದು ಮೇಲ್ ಸರ್ವರ್. ದಿನವೂ ಅದರ ಸೇವೆ ಪಡೆಯುವ ನಾವು ಅದನ್ನು ಕಂಡಿಲ್ಲ, ಅದರ ಹಿಂದಿರುವ ಜಾಣ್ಮೆಯ ಬಗ್ಗೆ ಕೇಳಿಯೂ ಇಲ್ಲ.

ಒಳಗಿನ ಹೆಸರು, ಹೊರಗಿನ ಹೆಸರು

ಇಮೇಲ್ ತೆರೆದಾಗ ಮೇಲ್ಗಡೆ ಕಾಣುವ ‘ಟು’ ಸಾಲನ್ನು ನೋಡಿಯೇ ಸರ್ವರ್ ಪತ್ರ ಸಾಗಿಸುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಪ್ರತಿ ಇಮೇಲಿಗೂ ನಮಗೆ ಕಾಣದ ಒಂದು ಲಕೋಟೆ ಇರುತ್ತದೆ. ಒಂದು ಸರ್ವರ್ ಇನ್ನೊಂದನ್ನು ಮುಟ್ಟಿದಾಗ ಮೊದಲು ಆ ಲಕೋಟೆಯ ಮೇಲಿನದನ್ನು ಓದಿ ಹೇಳುತ್ತದೆ: ಇಂಥವರಿಂದ ಬಂದಿದೆ, ಇಂಥವರಿಗೆ ಹೋಗಬೇಕು. ಆ ಕಡೆಯಿಂದ ಒಪ್ಪಿಗೆ ಬಂದ ನಂತರವೇ ಪತ್ರದ ಒಡಲು ದಾಟುತ್ತದೆ. ಬಿಸಿಸಿ ಹಾಕಿದ ಹೆಸರು ಉಳಿದವರಿಗೆ ಕಾಣದಿರುವ ಗುಟ್ಟೂ ಇದರಲ್ಲೇ ಇದೆ. ಆ ಹೆಸರು ಲಕೋಟೆಯ ಮೇಲಿರುತ್ತದೆ, ಪತ್ರದೊಳಗೆ ಇರುವುದಿಲ್ಲ.

ದಾರಿ ಹುಡುಕುವುದು ಸರಳ. ವಿಳಾಸದಲ್ಲಿ @ ಗುರುತಿನ ಬಲಕ್ಕಿರುವುದು ಡೊಮೈನ್. ಆ ಡೊಮೈನಿನ ಪತ್ರಗಳನ್ನು ಯಾವ ಯಂತ್ರ ಸ್ವೀಕರಿಸುತ್ತದೆ ಎಂದು ಸರ್ವರ್ ಡಿಎನ್‌ಎಸ್ ಎಂಬ ದೊಡ್ಡ ದಾಖಲೆಯಲ್ಲಿ ಕೇಳುತ್ತದೆ. ಉತ್ತರವಾಗಿ ಬರುವುದು ‘ಎಂಎಕ್ಸ್’ ನಮೂದುಗಳು. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇರುತ್ತದೆ, ಕಡಿಮೆ ಸಂಖ್ಯೆಯ ಯಂತ್ರಕ್ಕೆ ಮೊದಲ ಆದ್ಯತೆ. ಅದು ಬಾಗಿಲು ಹಾಕಿದ್ದರೆ ಮುಂದಿನದು. ಎಲ್ಲವೂ ಮುಚ್ಚಿದ್ದರೆ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಬಿಟ್ಟು ಬಿಟ್ಟು ಯತ್ನಿಸುತ್ತದೆ. ಸಾಮಾನ್ಯವಾಗಿ ನಾಲ್ಕೈದು ದಿನ. ಅಷ್ಟಾದರೂ ಆಗದಿದ್ದರೆ ಕಾರಣ ಬರೆದು ಕಳಿಸಿದವರಿಗೆ ವಾಪಸ್. ದಾರಿಯಲ್ಲಿ ಪ್ರತಿ ಸರ್ವರ್ ಪತ್ರದ ತಲೆಯ ಮೇಲೆ ತನ್ನ ಹೆಸರು, ದಿನಾಂಕ, ಹೊತ್ತು ಸೇರಿಸುತ್ತ ಹೋಗುತ್ತದೆ. ಹಿಂದೆ ಲಕೋಟೆಯ ಬೆನ್ನಿಗೆ ಒಂದೊಂದು ಅಂಚೆ ಕಚೇರಿ ಮುದ್ರೆ ಒತ್ತುತ್ತಿತ್ತಲ್ಲ, ಹಾಗೆ.

ಬರ್ಕಲಿಯ ಎರಿಕ್ ಆಲ್‌ಮನ್

ದಾರಿ ಇಷ್ಟು ಸಲೀಸಾದದ್ದು ಡಿಎನ್‌ಎಸ್ ಬಂದ ಮೇಲೆ. ಅದಕ್ಕೂ ಮೊದಲು ಒಂದೊಂದು ಜಾಲಕ್ಕೆ ಒಂದೊಂದು ಬಗೆಯ ವಿಳಾಸ. ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್‌ನಲ್ಲಿ ಹೆಸರು, @, ಯಂತ್ರ. ಯುಯುಸಿಪಿ ಜಾಲದಲ್ಲಿ ದಾರಿಯಲ್ಲಿ ಸಿಗುವ ಯಂತ್ರಗಳನ್ನೆಲ್ಲ ಆಶ್ಚರ್ಯಸೂಚಕ ಚಿಹ್ನೆಯಿಂದ ಪೋಣಿಸಿ ಕೊನೆಗೆ ಹೆಸರು. ಬರ್ಕಲಿಯ ಒಳಜಾಲದಲ್ಲಿ ಯಂತ್ರ, ಕೋಲನ್, ಹೆಸರು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿ ಆವರಣದಲ್ಲಿ ‘ಇಂಗ್ರೆಸ್’ ಎಂಬ ಡೇಟಾಬೇಸ್ ಯೋಜನೆಯಲ್ಲಿದ್ದ ತರುಣ ಎರಿಕ್ ಆಲ್‌ಮನ್. ಅರ್ಪಾನೆಟ್ ಸಂಪರ್ಕ ಇದ್ದದ್ದು ಆ ಯೋಜನೆಯ ಯಂತ್ರಕ್ಕೆ. ಇಮೇಲಿಗಾಗಿ ಎಲ್ಲರೂ ಅದರಲ್ಲಿ ಖಾತೆ ಕೇಳತೊಡಗಿದರು. ಎಲ್ಲರಿಗೂ ಖಾತೆ ಕೊಡುತ್ತ ಕೂರುವ ಬದಲು, ಒಂದು ಜಾಲದ ಪತ್ರವನ್ನು ಇನ್ನೊಂದಕ್ಕೆ ದಾಟಿಸುವ ಪ್ರೋಗ್ರಾಂ ಬರೆದರೆ ಅವರವರ ಯಂತ್ರದಲ್ಲೇ ಪತ್ರ ಸಿಗುತ್ತದಲ್ಲ ಎಂದು ಅವರಿಗೆ ಹೊಳೆಯಿತು. ಹಾಗೆ ಹುಟ್ಟಿದ್ದು ‘ಡೆಲಿವರ್‌ಮೇಲ್’. ಅದನ್ನೇ ಬೆಳೆಸಿ 1983ರಲ್ಲಿ ಬಿಎಸ್‌ಡಿ ಯುನಿಕ್ಸ್‌ನೊಂದಿಗೆ ಹೊರತಂದದ್ದು ‘ಸೆಂಡ್‌ಮೇಲ್’.

ಸೆಂಡ್‌ಮೇಲ್‌ನ ಜೀವ ಅದರ ತಿದ್ದುವ ನಿಯಮಗಳಲ್ಲಿತ್ತು. ಪ್ರತಿ ನಿಯಮಕ್ಕೂ ಎಡಗಡೆ ಒಂದು ಮಾದರಿ, ಬಲಗಡೆ ಅದರ ಬದಲಿ. ಬಂದ ವಿಳಾಸವನ್ನು ತುಂಡು ತುಂಡಾಗಿ ಬಿಡಿಸಿ ಎಡದ ಮಾದರಿಗೆ ಹೋಲಿಸುವುದು. ಹೊಂದಿದರೆ ಬಲದ ರೂಪಕ್ಕೆ ಮರುಬರೆಯುವುದು. ಇನ್ನು ಹೊಂದುವುದಿಲ್ಲ ಎಂಬವರೆಗೆ ಅದನ್ನೇ ಮುಂದುವರಿಸುವುದು. ‘ಯಂತ್ರ!ಹೆಸರು’ ಎಂದು ಬಂದದ್ದನ್ನು ‘ಹೆಸರು@ಯಂತ್ರ.ಯುಯುಸಿಪಿ’ ಎಂದು ತಿರುಗಿಸಿಡುವುದು ಇಂಥದೊಂದು ನಿಯಮ. ನಿಯಮಗಳ ಗುಂಪುಗಳಿಗೆ ಅಂಕಿಗಳೇ ಹೆಸರು. ಮೂರನೆಯ ಗುಂಪು ಯಾವ ರೂಪದ ವಿಳಾಸವನ್ನಾದರೂ ಒಂದೇ ಸಮಾನ ರೂಪಕ್ಕೆ ತರುತ್ತಿತ್ತು. ಸೊನ್ನೆಯ ಗುಂಪು ಅದನ್ನು ನೋಡಿ ಮೂರು ಸಂಗತಿ ತೀರ್ಮಾನಿಸುತ್ತಿತ್ತು: ಯಾವ ವಾಹನ, ಯಾವ ಯಂತ್ರ, ಯಾವ ವ್ಯಕ್ತಿ. ನಾಲ್ಕನೆಯದು ಕೊನೆಯಲ್ಲಿ ಹೊರಲೋಕಕ್ಕೆ ಒಪ್ಪುವ ರೂಪ ಕೊಡುತ್ತಿತ್ತು. ಚಿಹ್ನೆಗಳಿಂದ ಕಿಕ್ಕಿರಿದ ಈ ನಿಯಮಗಳನ್ನು ಓದಿ ತಿದ್ದಬಲ್ಲವರು ಪ್ರತಿ ಸಂಸ್ಥೆಯಲ್ಲೂ ಬೆರಳೆಣಿಕೆಯಷ್ಟು. ಅಂಥವರ ಮೇಜಿನ ಮೇಲೆ ಬ್ರಯಾನ್ ಕೋಸ್ಟೇಲ್ಸ್ ಬರೆದ, ಮುಖಪುಟದಲ್ಲಿ ಬಾವಲಿಯ ಚಿತ್ರವಿರುವ ದಪ್ಪ ಗ್ರಂಥ ಇರುತ್ತಿತ್ತು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಅರ್ನೆಟ್ ಮೂಲಕ. 1986ರಲ್ಲಿ ಶುರುವಾದ ಈ ಶೈಕ್ಷಣಿಕ ಜಾಲದಲ್ಲಿ ಮುಂಬಯಿಯ ಎನ್‌ಸಿಎಸ್‌ಟಿ ಎಂಬ ಸಂಶೋಧನಾ ಸಂಸ್ಥೆ, ಐದು ಐಐಟಿಗಳು, ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆಯ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಎನ್‌ಸಿಎಸ್‌ಟಿಯ ಒಂದು ಯಂತ್ರದ ಹೆಸರು ‘ಶಕ್ತಿ’, ವಿಜ್ಞಾನ ಸಂಸ್ಥೆಯ ಒಂದರ ಹೆಸರು ‘ವಿಜ್ಞಾನ್’. ಟೆಲಿಫೋನ್ ತಂತಿಯ ಮೇಲೆ ಯಂತ್ರದಿಂದ ಯಂತ್ರಕ್ಕೆ ಪತ್ರಗಳು ದಾಟುತ್ತಿದ್ದ ಆ ದಿನಗಳಲ್ಲಿ ದಾರಿ ತಿಳಿದ ಸರ್ವರೇ ಎಲ್ಲಕ್ಕೂ ಆಧಾರ.

ಮುಳುಗಡೆಯ ನಾಡು, ಸ್ಥಳಾಂತರದ ಪಟ್ಟಿ

ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಮಾತ್ರ ಸೆಂಡ್‌ಮೇಲ್ ಅಲ್ಲ, ಅದರ ನಂತರ ಬಂದ ‘ಪೋಸ್ಟ್‌ಫಿಕ್ಸ್’ನ ಒಂದು ಪುಟ್ಟ ಕಡತ. ನೆದರ್ಲೆಂಡ್ಸ್ ಮೂಲದ ವೀಟ್ಸ ವೆನೆಮಾ ಐಬಿಎಂ ಸಂಶೋಧನಾಲಯದಲ್ಲಿದ್ದಾಗ ಬರೆದು 1998ರಲ್ಲಿ ಬಿಡುಗಡೆಯಾದ ತಂತ್ರಾಂಶ ಅದು. ತಿದ್ದುವ ಕೆಲಸವನ್ನೆಲ್ಲ ಬೇರೆ ಬೇರೆ ಪಟ್ಟಿಗಳಿಗೆ ಹಂಚಿ ಅದು ಸರಳಗೊಳಿಸಿತು. ‘ಅಲಿಯಾಸಸ್’ ಎಂಬ ಪಟ್ಟಿಯಲ್ಲಿ ಹುದ್ದೆಯ ಹೆಸರಿಗೆ ಬಂದದ್ದು ಆ ಹುದ್ದೆಯಲ್ಲಿರುವವರಿಗೆ ಸೇರುತ್ತದೆ. ‘ಕೆನಾನಿಕಲ್’ ಪಟ್ಟಿ ಒಳಗಿನ ಅಡ್ಡಹೆಸರನ್ನು ಹೊರಗೆ ತೋರಿಸುವ ಪೂರ್ಣ ಹೆಸರಾಗಿಸುತ್ತದೆ. ‘ವರ್ಚುಯಲ್’ ಪಟ್ಟಿ ಒಂದು ಡೊಮೈನಿಗೆ ಬಂದದ್ದನ್ನು ಮತ್ತೊಂದಕ್ಕೆ ತಿರುಗಿಸುತ್ತದೆ. ಇವುಗಳ ನಡುವೆ ‘ರಿಲೊಕೇಟೆಡ್’ ಎಂದೊಂದು ಪಟ್ಟಿ ಇದೆ: ಮನೆ ಬಿಟ್ಟು ಹೋದವರ ಪಟ್ಟಿ. ಎಡಕ್ಕೆ ಹಳೆಯ ವಿಳಾಸ, ಬಲಕ್ಕೆ ಹೊಸದು. ಹಳೆಯ ವಿಳಾಸಕ್ಕೆ ಪತ್ರ ಬಂದರೆ ಸರ್ವರ್ ಅದನ್ನು ಸ್ವೀಕರಿಸುವುದಿಲ್ಲ. ಈ ವ್ಯಕ್ತಿ ಇಂಥ ಕಡೆ ಹೋಗಿದ್ದಾರೆ ಎಂಬ ಮಾತಿನೊಂದಿಗೆ ಮರಳಿಸುತ್ತದೆ.

ಬಾಗಲಕೋಟೆ ಸೀಮೆಯವರು ಇಂಥ ಪಟ್ಟಿಯನ್ನು ತಣ್ಣಗೆ ಓದಿ ಮುಂದೆ ಹೋಗಲಾರರು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಜಲಾಶಯದ ಮಟ್ಟ 519.60 ಮೀಟರಿಗೆ ನಿಗದಿಯಾದಂತೆ ಹಿನ್ನೀರು ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಓಣಿಗಳಿಗೂ, ಕೃಷ್ಣೆಯ ಸೆರಗಿನ ಹಳ್ಳಿಗಳಿಗೂ ನುಗ್ಗಿತು. ಪಟ್ಟಣವನ್ನು ಸ್ಥಳಾಂತರಿಸಲು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ (ಬಿಟಿಡಿಎ) ಹುಟ್ಟಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಹೊಸ ಪಟ್ಟಣದ ನಕ್ಷೆ ಬರೆದರು. ಕಿಲ್ಲಾದ ಓಣಿ ಬಿಟ್ಟವರಿಗೆ ನವನಗರದಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಸಿಕ್ಕವು. 587101 ಇದ್ದದ್ದು 587103 ಆಯಿತು. ಹಳ್ಳಿ ಬಿಟ್ಟವರ ವಿಳಾಸದಲ್ಲಿ ‘ಪುನರ್ವಸತಿ ಕೇಂದ್ರ’ ಎಂಬ ಎರಡು ಪದ ಸೇರಿದವು. ಓಣಿಯ ಹೆಸರೊಂದು ವಿಳಾಸದಿಂದ ಅಳಿಸಿದರೆ ಅದರ ಜೊತೆ ಬೆಳೆದ ನೆರೆಹೊರೆಯೂ ಅಳಿಸುತ್ತದೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿರುವುದರಿಂದ, ತಿದ್ದಬೇಕಾದ ವಿಳಾಸಗಳು ಇನ್ನೂ ಉಳಿದಿವೆ.

ಊರು ಬಿಟ್ಟವರ ಕಾಗದಕ್ಕೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಇಮೇಲ್ ರೂಪಿಸಿದವರು ಮೊದಲಿಗೇ ಯೋಚಿಸಿದ್ದರು. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ, ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯಲ್ಲೇ ಇದಕ್ಕೆ ಎರಡು ಉತ್ತರಗಳಿವೆ. 251 ಎಂದರೆ, ಇವರು ಇಲ್ಲಿಲ್ಲ, ನಾನೇ ಮುಂದಕ್ಕೆ ಕಳಿಸುತ್ತೇನೆ. 551 ಎಂದರೆ, ಇವರು ಇಲ್ಲಿಲ್ಲ, ಹೊಸ ವಿಳಾಸ ಇದು, ನೀವೇ ಕಳಿಸಿ. ಮೊದಲನೆಯದು ಹಳೆಯ ವಿಳಾಸ ಗೀಚಿ ಹೊಸದು ಬರೆದು ದಾಟಿಸುವ ಪೋಸ್ಟ್‌ಮನ್‌ನ ರೀತಿ. ಅದರಿಂದ ಪತ್ರ ತಪ್ಪುವುದಿಲ್ಲ, ಆದರೆ ಬರೆದವರಿಗೆ ಬದಲಾವಣೆ ಸಾಮಾನ್ಯವಾಗಿ ತಿಳಿಯುವುದೂ ಇಲ್ಲ. ಎರಡನೆಯದರಿಂದ ಅವರ ಪುಸ್ತಕದಲ್ಲಿ ವಿಳಾಸ ಸರಿಹೋಗುತ್ತದೆ. ಆದರೆ ಅವರು ಮತ್ತೆ ಕಳಿಸುವ ಶ್ರಮ ತೆಗೆದುಕೊಳ್ಳದಿದ್ದರೆ ಪತ್ರ ಅಲ್ಲಿಗೇ ನಿಂತಿತು. ಮೊದಲ ಕೆಲವು ವರ್ಷ ದಾಟಿಸುತ್ತ, ಆಮೇಲೆ ಹೊಸ ವಿಳಾಸ ಹೇಳುವುದೇ ಸರಿಯಾದ ಕ್ರಮ ಎಂದು ನನ್ನ ಅನಿಸಿಕೆ.

ಸೌಜನ್ಯಕ್ಕೆ ಬಿದ್ದ ಪೆಟ್ಟು

ಈಗ ಈ ಎರಡು ಉತ್ತರಗಳೂ ಕಷ್ಟವಾಗಿವೆ. ಹೊಸ ವಿಳಾಸ ಹೇಳಿದರೆ ಸ್ಪ್ಯಾಮ್ ಕಳಿಸುವವರು ಅದನ್ನೂ ಬಾಚಿಕೊಳ್ಳುತ್ತಾರೆ. ಮುಂದಕ್ಕೆ ದಾಟಿಸಿದರೆ ಎಸ್‌ಪಿಎಫ್ ತಪಾಸಣೆ ಅಡ್ಡ ಬರುತ್ತದೆ: ಈ ಡೊಮೈನಿನ ಪತ್ರ ಈ ಯಂತ್ರದಿಂದ ಯಾಕೆ ಬಂತು ಎಂದು ಸ್ವೀಕರಿಸುವ ಸರ್ವರ್ ಅನುಮಾನಿಸುತ್ತದೆ. ಅದಕ್ಕಾಗಿ ದಾಟಿಸುವ ಸರ್ವರ್ ಲಕೋಟೆಯ ಮೇಲಿನ ಕಳಿಸಿದವರ ವಿಳಾಸವನ್ನೂ ತನ್ನ ಹೆಸರಿಗೆ ತಿದ್ದಬೇಕು. ಇದರ ಹೆಸರು ಎಸ್‌ಆರ್‌ಎಸ್. ಚಿಕ್ಕ ಸಂಸ್ಥೆಗಳು ಈ ತಾಪತ್ರಯಕ್ಕೆ ಬೇಸತ್ತು ಸ್ವಂತ ಸರ್ವರ್ ನಿಲ್ಲಿಸಿ ದೊಡ್ಡ ಕಂಪನಿಗಳ ಆಶ್ರಯ ಸೇರಿವೆ. ಹುನಗುಂದ, ಇಳಕಲ್ಲಿನ ಅಂಗಡಿಗಳಿಂದ ಹಿಡಿದು ಶಿಕ್ಷಣ ಸಂಘಗಳವರೆಗೆ ಪುಕ್ಕಟೆ ಇಮೇಲ್ ವಿಳಾಸವೇ ರೂಢಿ. ಅದು ಸುಲಭ ನಿಜ. ಆದರೆ ಆ ವಿಳಾಸದ ಬಲಭಾಗ ನಮ್ಮದಲ್ಲ, ಅಲ್ಲಿನ ಪಟ್ಟಿಗಳಲ್ಲಿ ಒಂದು ಸಾಲು ಸೇರಿಸುವ ಅಧಿಕಾರವೂ ನಮಗಿಲ್ಲ.

ನಮ್ಮ ಲಿಪಿಯ ಪಾಡೂ ಹೀಗೆಯೇ ಬೇರೆಯವರ ಸರ್ವರ್‌ಗಳ ಕೈಯಲ್ಲಿದೆ. ‘.ಭಾರತ’ ಎಂಬ ಕನ್ನಡದ ಡೊಮೈನ್ ಅಧಿಕೃತವಾಗಿಯೇ ಇದೆ. ಡಿಎನ್‌ಎಸ್‌ನಲ್ಲಿ ಹುಡುಕುವಾಗ ಅದನ್ನು ಪ್ಯೂನಿಕೋಡ್ ವಿಧಾನದಿಂದ ‘ಎಕ್ಸ್‌ಎನ್’ ಎಂದು ಆರಂಭವಾಗುವ ರೋಮನ್ ಅಕ್ಷರಗಳ ಸಾಲಾಗಿ ತಿದ್ದಲಾಗುತ್ತದೆ. @ ಗುರುತಿನ ಎಡದ ಹೆಸರಿಗೆ ಆ ತಿದ್ದುಪಡಿ ಇಲ್ಲ. ಕನ್ನಡದ ಹೆಸರು ಕನ್ನಡದಲ್ಲೇ ಸಾಗಬೇಕು. 2012ರಲ್ಲಿ ಬಂದ ನಿಯಮ ಅದಕ್ಕೆ ದಾರಿ ಮಾಡಿದೆ, ಜಿಮೇಲ್ 2014ರಲ್ಲೇ ಅಂಥ ವಿಳಾಸಗಳೊಂದಿಗೆ ಪತ್ರವ್ಯವಹಾರ ಸಾಧ್ಯವಾಗಿಸಿದೆ. ಮುಂದಿನ ಸರ್ವರ್ ಒಪ್ಪದಿದ್ದರೆ ಮಾತ್ರ ಪತ್ರ ವಾಪಸ್. ಬೇವೂರಿನ ಪ್ರೌಢಶಾಲೆಯ ಹುಡುಗಿಯೊಬ್ಬಳು ತನ್ನ ಹೆಸರನ್ನು ತನ್ನ ಅಕ್ಷರದಲ್ಲೇ ಬರೆದು ಇಮೇಲ್ ಕಳಿಸುವುದಕ್ಕೆ ತಾಂತ್ರಿಕ ಅಡ್ಡಿ ಇಲ್ಲ. ಸರ್ವರ್ ನಡೆಸುವವರ ಮನಸ್ಸು ಬೇಕು.

ಇಮೇಲ್ ವಿಳಾಸಗಳೂ ಊರು ಬಿಡುತ್ತವೆ: ಬೆಂಗಳೂರಿನ ವಿಜ್ಞಾನ ಸಂಸ್ಥೆಯ ವಿಳಾಸಗಳು ಅರ್ನೆಟ್ ಹೆಸರು ಬಿಟ್ಟು ‘ಎಸಿ.ಇನ್’ಗೆ ಬಂದಿವೆ. ದಶಕಗಳ ಸಂಶೋಧನಾ ಪ್ರಬಂಧಗಳ ಮೇಲೆ ಅಚ್ಚಾಗಿರುವುದು ಹಳೆಯ ವಿಳಾಸ. ಅಚ್ಚಾದದ್ದನ್ನು ತಿದ್ದಲು ಬರುವುದಿಲ್ಲ; ತಿದ್ದಬಲ್ಲದ್ದು ಸರ್ವರ್ ಮಾತ್ರ. ನಮ್ಮ ಕಾಲೇಜುಗಳು, ಸಹಕಾರಿ ಸಂಘಗಳು ಸ್ವಂತ ಡೊಮೈನ್ ಇಟ್ಟುಕೊಳ್ಳಲಿ, ನಿವೃತ್ತರಾದ ಮೇಷ್ಟ್ರ ವಿಳಾಸವನ್ನು ಮರುದಿನವೇ ಅಳಿಸದಿರಲಿ. ಎಷ್ಟೋ ವರ್ಷದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಬರೆಯುವ ಪತ್ರ ಅವರನ್ನು ಮುಟ್ಟಲು ಬೇಕಾದದ್ದು ಪಟ್ಟಿಯಲ್ಲಿ ಒಂದು ಸಾಲು. ಅದನ್ನು ಬರೆಯಬಲ್ಲವರು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿದ್ದಾರೆ, ಅವರಿಂದ ಕಲಿಯಲು ಬರುವವರು ಇನ್ನೂ ಕಡಿಮೆ.