ಬಿಳಿಯ ಹಾವು: ವರ್ಣವೂ ವಂಶವೂ

ಮಲೆನಾಡಿನ ಹೆಬ್ಬಾಗಿಲೆನಿಸಿದ ಶಿವಮೊಗ್ಗೆಯ ಜನರಿಗೆ ಹಾವು ಅಪರಿಚಿತ ಜೀವಿಯಲ್ಲ. ತುಂಗೆಯ ದಡದ ಗದ್ದೆತೋಟಗಳಲ್ಲಿ ಮಾತ್ರವಲ್ಲ, ವಿನೋಬನಗರದಂತಹ ಬಡಾವಣೆಯ ಖಾಲಿ ನಿವೇಶನಗಳಲ್ಲಿಯೂ ಕೇರೆಯೋ ನಾಗರವೋ ಸುಳಿಯುವುದುಂಟು. ಆದರೆ ಅಪರೂಪಕ್ಕೆ ಬಿಳಿಯ ಹಾವೊಂದು ಎಲ್ಲಿಯಾದರೂ ಕಂಡಿತೆಂದರೆ ಜನರು ಬೆರಗಾಗುತ್ತಾರೆ. ಶ್ವೇತನಾಗವೆಂದು ಕೈಮುಗಿಯುವವರೂ, ವಿಷವಿಲ್ಲದ ಸಾಧುಪ್ರಾಣಿಯೆಂದು ಮುಟ್ಟಹೋಗುವವರೂ ಇರುತ್ತಾರೆ. ಆದುದರಿಂದ ಆ ಬಿಳುಪಿನ ಮರ್ಮವೇನೆಂಬುದನ್ನು ಅರಿಯುವುದು ಉಚಿತ.

ಹಾವಿನ ಚರ್ಮದಲ್ಲಿ ಬಣ್ಣಕ್ಕೆ ಕಾರಣವಾದ ಜೀವಕೋಶಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯವು ಮೆಲನಿನ್ ಎಂಬ ಕಪ್ಪು ಕಂದು ದ್ರವ್ಯವನ್ನು ತಳೆದಿರುತ್ತವೆ. ಎರಡನೆಯವು ಹಳದಿ ಕೆಂಪುಗಳನ್ನು ನೀಡುತ್ತವೆ. ಮೂರನೆಯವು ಸೂಕ್ಷ್ಮ ಹರಳುಗಳಿಂದ ಬೆಳಕನ್ನು ಪ್ರತಿಫಲಿಸುತ್ತವೆ. ಮೆಲನಿನ್ ಒಂದೇ ಲೋಪವಾದ ಸ್ಥಿತಿಗೆ ಆಲ್ಬಿನಿಸಂ ಎಂದು ಹೆಸರು. ಬಿಳುಪೆಂಬ ಅರ್ಥದ ಲ್ಯಾಟಿನ್ ಪದವೇ ಇದರ ಮೂಲ. ಇಲಿ ಮೊಲಗಳ ಬಣ್ಣಕ್ಕೆ ಮೆಲನಿನ್ನೇ ಆಧಾರವಾದುದರಿಂದ ಅದಿಲ್ಲದಾಗ ಅವು ಅಚ್ಚ ಬಿಳುಪಾಗುತ್ತವೆ. ಹಾವಿನಲ್ಲಿಯಾದರೋ ಹಳದಿ ಕೆಂಪುಗಳು ಉಳಿಯುವುದರಿಂದ ಮೈ ಕೆನೆಯಂತೆ, ಹೊಂಬಣ್ಣದಂತೆ ಅಥವಾ ನಸುಗೆಂಪಾಗಿ ತೋರುತ್ತದೆ. ಕಣ್ಣಿನೊಳಗಿನ ರಕ್ತನಾಳಗಳು ಮರೆಯಿಲ್ಲದೆ ಕಾಣುವುದರಿಂದ ಕಣ್ಣು ಕೆಂಪು. ಮೈ ಬಿಳಿದಾಗಿದ್ದು ಕಣ್ಣು ಮಾತ್ರ ಕಪ್ಪಾಗಿಯೋ ನೀಲಿಯಾಗಿಯೋ ಇದ್ದರೆ ಅದು ಲ್ಯೂಸಿಸಂ ಎಂಬ ಬೇರೊಂದು ಸ್ಥಿತಿ.

ಈ ಲೋಪ ವಂಶವಾಹಿಯ ದೋಷದಿಂದ ಉಂಟಾಗುತ್ತದೆ. ಮರಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳು ಬರುತ್ತವೆ. ಒಂದು ಪ್ರತಿ ಸರಿಯಾಗಿದ್ದರೂ ಬಣ್ಣ ಮೂಡುತ್ತದೆ. ದೋಷವು ಸುಪ್ತವಾಗಿ ಅಡಗಿರುತ್ತದೆ. ಗ್ರೆಗರ್ ಮೆಂಡಲ್ ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ಸಲ್ಲುತ್ತದೆ. ಸುಪ್ತದೋಷವುಳ್ಳ ಎರಡು ಸಹಜವರ್ಣದ ಹಾವುಗಳು ಕೂಡಿದರೆ ಪ್ರತಿಯೊಂದು ಮರಿಯೂ ಬಿಳಿಯಾಗುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಬಿಳಿಯ ಹಾವು ದೋಷರಹಿತ ಹಾವಿನೊಡನೆ ಕೂಡಿದರೆ ಮರಿಗಳೆಲ್ಲವೂ ಸಹಜವರ್ಣದವು, ಆದರೆ ದೋಷವನ್ನು ಹೊತ್ತವು. ಎರಡು ಬಿಳಿಯ ಹಾವುಗಳ ದೋಷಗಳು ಬೇರೆ ಬೇರೆ ವಂಶವಾಹಿಗಳಲ್ಲಿದ್ದರೆ ಅವುಗಳ ಮರಿಗಳಿಗೂ ಸಹಜವರ್ಣವೇ ಬರಬಹುದೆಂಬುದು ಸೋಜಿಗವಾದರೂ ನಿಜ.

ವಿದೇಶಗಳಲ್ಲಿ ಈ ನಿಯಮವನ್ನೇ ಆಧರಿಸಿ ಸಾಕುಹಾವುಗಳ ತಳಿಗಳನ್ನು ಬೆಳೆಸಿದ್ದಾರೆ. ಅಮೆರಿಕದ ಕಾರ್ನ್ ಹಾವು, ಆಫ್ರಿಕದ ಬಾಲ್ ಹೆಬ್ಬಾವು ಇವುಗಳಲ್ಲಿ ಪ್ರಸಿದ್ಧ. ಕಾರ್ನ್ ಹಾವಿನ ಆಲ್ಬಿನಿಸಂಗೆ ಓಸಿಎ2 ಎಂಬ ವಂಶವಾಹಿಯಲ್ಲಿನ ವ್ಯತ್ಯಾಸ ಕಾರಣವೆಂಬುದು 2015ರಲ್ಲಿ ಪ್ರಕಟವಾಯಿತು. ಪಂಜರದಲ್ಲಿ ಮೆಚ್ಚುಗೆ ಪಡೆಯುವ ಈ ಬಣ್ಣವೇ ಕಾಡಿನಲ್ಲಿ ಅಪಾಯವನ್ನು ತರುತ್ತದೆ: ಹದ್ದು ಮುಂಗುಸಿಗಳಿಂದ ಅಡಗಲು ಮೈಬಣ್ಣ ನೆರವಾಗದು. ಆದುದರಿಂದಲೇ ಬೆಳೆದ ಬಿಳಿಹಾವು ದುರ್ಲಭ.

ನಮ್ಮ ನಾಡಿನ ನಾಗರಹಾವು, ಹೆಬ್ಬಾವುಗಳ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅವುಗಳನ್ನು ಹಿಡಿದು ಸಾಕುವುದು ಅಪರಾಧ. 2022ರ ತಿದ್ದುಪಡಿಯ ಅನಂತರ ಇವೆರಡೂ ಮೊದಲನೆಯ ಅನುಸೂಚಿಯಲ್ಲಿವೆ. ಬಣ್ಣ ಬಿಳಿಯಾಯಿತೆಂದು ಕಾಯಿದೆ ಸಡಿಲವಾಗದು.

ವಿಷವೂ ಸಡಿಲವಾಗದು. ಮೆಲನಿನ್ ತಯಾರಾಗುವುದು ಚರ್ಮದಲ್ಲಿ, ವಿಷ ತಯಾರಾಗುವುದು ತಲೆಯ ಗ್ರಂಥಿಯಲ್ಲಿ. ಒಂದರ ಲೋಪ ಇನ್ನೊಂದನ್ನು ತಟ್ಟದು. ಬಿಳಿನಾಗರ ಕಚ್ಚಿದರೂ ನಂಜು ಅದೇ, ಕೊಡಬೇಕಾದ ಪ್ರತಿವಿಷವೂ ಅದೇ. ಮಂತ್ರ, ಬೇರು, ಗಾಯ ಕೊಯ್ಯುವುದು ಇವುಗಳಲ್ಲಿ ಕಾಲ ಕಳೆಯದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಮೆಗ್ಗಾನ್‌ನಂತಹ ದೊಡ್ಡ ಆಸ್ಪತ್ರೆಗೆ ಒಡನೆಯೇ ಒಯ್ಯಬೇಕು. ಕಚ್ಚುವ ಮುನ್ನವೇ ದೂರ ನಿಂತು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವುದು ಇನ್ನೂ ಲೇಸು.

ಬಿಳಿಯ ಹಾವು ಪವಾಡವೂ ಅಲ್ಲ, ಆಟಿಕೆಯೂ ಅಲ್ಲ. ತಂದೆತಾಯಿಗಳಲ್ಲಿ ಕಾಣದೆ ಅಡಗಿದ್ದ ಗುಣವೊಂದು ಮರಿಯಲ್ಲಿ ಬೆಳಕಿಗೆ ಬಂದ ಬಗೆ ಅದು. ಅದನ್ನು ಪೂಜಿಸುವ ಕೈಯಾಗಲಿ ಹೊಡೆಯುವ ಕೈಯಾಗಲಿ ಒಂದು ಕ್ಷಣ ತಡೆದರೆ, ಹಾವೂ ಉಳಿದೀತು, ಮನುಷ್ಯನೂ ಉಳಿದಾನು.