ಅಂತರಜಾಲದ ಅರ್ಜಿ ಬರಹಗಾರರು

ನಮ್ಮೂರಿನ ತಾಲ್ಲೂಕು ಕಚೇರಿಯ ಆವರಣದಲ್ಲಿ ಒಂದು ಹೊಂಗೆಯ ಮರವಿತ್ತು. ಅದರ ನೆರಳಿನಲ್ಲಿ ಒಂದು ಮೇಜು, ಮೇಜಿನ ಮೇಲೆ ಹಳೆಯ ಟೈಪ್‌ರೈಟರ್, ಅದರ ಹಿಂದೆ ಅರ್ಜಿ ಬರೆದುಕೊಡುವ ಒಬ್ಬ ಹಿರಿಯರು. ಪಹಣಿಯ ನಕಲಿಗಾಗಿ ಬಂದ ರೈತನು ಅವರೆದುರು ಕುಳಿತು ತನ್ನ ಹೆಸರನ್ನೂ ಸರ್ವೆ ನಂಬರನ್ನೂ ಹೇಳುತ್ತಿದ್ದನು. ಅವರು ಬರೆದುಕೊಟ್ಟು ತಮ್ಮ ಕೂಲಿಯನ್ನು ಪಡೆಯುತ್ತಿದ್ದರು. ಅವರು ತಹಶೀಲ್ದಾರರಲ್ಲವೆಂಬುದು ರೈತನಿಗೆ ಗೊತ್ತಿತ್ತು. ಅವರಾದರೂ ತಹಶೀಲ್ದಾರರ ಕುರ್ಚಿಯಲ್ಲಿ ಕುಳಿತವರಲ್ಲ. 2025ರ ಸೆಪ್ಟೆಂಬರಿನಲ್ಲಿ ನಾನು ಮೋಸಹೋದ ಮೇಲೆ ಆ ಹಿರಿಯರು ನನಗೆ ಮತ್ತೆ ಮತ್ತೆ ನೆನಪಾಗಿದ್ದಾರೆ.

ನಾನೂ ನನ್ನ ಶ್ರೀಮತಿಯೂ ಬೆಂಗಳೂರಿಗೆ ಹೊರಟಿದ್ದೆವು. ದಾರಿಯಲ್ಲಿ ಲಂಡನ್ನಿನಲ್ಲಿರುವ ಅವಳ ತಂಗಿಯ ಮನೆಯಲ್ಲಿ ಮೂರು ದಿನ ತಂಗುವ ಯೋಜನೆ. ನಾವಿಬ್ಬರೂ ಅಮೆರಿಕದ ಪೌರರು. ಹಿಂದೆಲ್ಲ ಪಾಸ್‌ಪೋರ್ಟನ್ನು ತೋರಿಸಿ ಹೀಥ್ರೂ ನಿಲ್ದಾಣದಿಂದ ಹೊರಬೀಳುತ್ತಿದ್ದೆವು. ಆದರೆ 2025ರ ಜನವರಿ 8ರಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳ ಪೌರರು ಬ್ರಿಟನ್ನಿಗೆ ಹೊರಡುವ ಮುನ್ನವೇ ‘ಇ.ಟಿ.ಎ.’ ಎಂಬ ವಿದ್ಯುನ್ಮಾನ ಪ್ರಯಾಣಾನುಮತಿಯನ್ನು ಪಡೆಯಬೇಕೆಂಬ ನಿಯಮ ಬಂದಿತು. ನಾನು ಗಣಕದ ಮುಂದೆ ಕುಳಿತು ಹುಡುಕಿದೆ. ಮೊದಲು ಕಂಡ ಹೆಸರನ್ನು ಒತ್ತಿದೆ. ತೆರೆದ ಪುಟದಲ್ಲಿ ಕಿರೀಟವನ್ನು ಹೋಲುವ ಲಾಂಛನ, ಗಂಭೀರವಾದ ನೀಲಿ ಬಣ್ಣ, ಸರ್ಕಾರಿ ಧಾಟಿಯ ಇಂಗ್ಲಿಷ್. ಅರ್ಧ ಗಂಟೆ ಕುಳಿತು ಇಬ್ಬರ ವಿವರಗಳನ್ನೂ ತುಂಬಿದೆ. ಪಾಸ್‌ಪೋರ್ಟಿನ ಭಾವಚಿತ್ರದ ಪುಟವನ್ನೂ ಕಳಿಸಿದೆ. ಕಟ್ಟಬೇಕಾದ ಹಣ ಎಷ್ಟೆಂಬುದು ಕಂಡದ್ದು ಕಟ್ಟಕಡೆಯ ಪುಟದಲ್ಲಿ: ತಲಾ 79 ಡಾಲರು. ಸರ್ಕಾರವೆಂದ ಮೇಲೆ ಅಷ್ಟು ಇದ್ದೀತು ಎಂದುಕೊಂಡು ಕಟ್ಟಿದೆ.

ಮರುದಿನವೇ ಅನುಮತಿ ಬಂದಿತು. ಅದು ಅಪ್ಪಟ ಅನುಮತಿಯೇ. ಬ್ರಿಟಿಷರ ಆಡಳಿತದ ಚುರುಕನ್ನು ನಾನು ಮೆಚ್ಚಿಕೊಂಡದ್ದೂ ಉಂಟು. ಲಂಡನ್ನಿನಲ್ಲಿ ಕಾಫಿ ಕುಡಿಯುತ್ತಿರುವಾಗ ನನ್ನ ಷಡ್ಡಕರು ಸುಮ್ಮನೆ ಕೇಳಿದರು, ಎಷ್ಟಾಯಿತು ಎಂದು. ಹೇಳಿದೆ. ಅವರು ಬಟ್ಟಲನ್ನು ಕೆಳಗಿಟ್ಟರು. ಆಗ ಸರ್ಕಾರದ ಶುಲ್ಕವಿದ್ದದ್ದು 16 ಪೌಂಡು. ಮೊದಲು 10 ಇದ್ದದ್ದನ್ನು ಅದೇ ವರ್ಷದ ಏಪ್ರಿಲ್ 9ರಂದು ಏರಿಸಿದ್ದರು. ಇಬ್ಬರಿಗೂ ಸೇರಿ ಸುಮಾರು 43 ಡಾಲರುಗಳಿಗೆ ಮುಗಿಯಬೇಕಾದದ್ದಕ್ಕೆ ನಾವು 158 ಡಾಲರು ತೆತ್ತಿದ್ದೆವು. “ತರಕಾರಿ ಅಂಗಡಿಯಲ್ಲಿ ಒಂದು ಡಾಲರಿಗೆ ಚೌಕಾಸಿ ಮಾಡುವವರು ನೀವೇ ತಾನೆ?” ಎಂದಳು ಶ್ರೀಮತಿ. ಉತ್ತರವಿರಲಿಲ್ಲ.

ಹಣ ಹಿಂದಿರುಗಿಸಿರೆಂದು ಬರೆದೆ. ಬಂದ ಉತ್ತರ ಬಹಳ ವಿನಯದ್ದು. ತಾವು ಸರ್ಕಾರದವರಲ್ಲವೆಂದು ಪುಟದ ತಳದಲ್ಲಿ ಬರೆದೇ ಇದೆ, ನನ್ನಿಂದ ಪಡೆದದ್ದು ಅರ್ಜಿಯನ್ನು ಪರಿಶೀಲಿಸಿದ ಶುಲ್ಕ ಎಂಬುದು ಅದರ ಸಾರ. ಹೋಗಿ ನೋಡಿದೆ. ಇತ್ತು; ಬೂದು ಹಿನ್ನೆಲೆಯಲ್ಲಿ ಬೂದು ಬಣ್ಣದ ಸಾಸಿವೆಯಷ್ಟು ಅಕ್ಷರಗಳಲ್ಲಿ. ನನ್ನ ಕಾರ್ಡಿನ ಬ್ಯಾಂಕಿನವರೂ ಕೈಚೆಲ್ಲಿದರು. ತಾವು ಕೇಳಿದ ಅನುಮತಿ ತಮಗೆ ದೊರಕಿದೆಯಲ್ಲವೆ ಎಂದರು. ಈ ವ್ಯಾಪಾರದ ಜಾಣತನವಿರುವುದೇ ಅಲ್ಲಿ. ನಾವು ತುಂಬಿದ ವಿವರಗಳನ್ನು ಅವರು ಸರ್ಕಾರದ ತಾಣದಲ್ಲಿ ಮತ್ತೊಮ್ಮೆ ತುಂಬುತ್ತಾರೆ, ಅಲ್ಲಿನ ಶುಲ್ಕವನ್ನು ಕಟ್ಟುತ್ತಾರೆ, ಉಳಿದದ್ದು ಅವರದು. ಮೊದಲ ಸಾಲಿನಲ್ಲಿ ಕಾಣಿಸಿಕೊಳ್ಳಲು ಅವರು ಜಾಹೀರಾತಿನ ಹಣ ತೆತ್ತಿರುತ್ತಾರೆ. ಪಕ್ಕದಲ್ಲಿ ಪ್ರಾಯೋಜಿತವೆಂಬ ಒಂದು ಪುಟ್ಟ ಪದ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದೇನೂ ಹೊಸ ವಿದ್ಯೆಯಲ್ಲ. ವೀಸಾ ವಿನಾಯಿತಿಯುಳ್ಳ ದೇಶಗಳ ಪ್ರವಾಸಿಗಳಿಗೆ ಅಮೆರಿಕವು ‘ಎಸ್ಟಾ’ ಅನುಮತಿಯನ್ನು ಕಡ್ಡಾಯಗೊಳಿಸಿದ್ದು 2009ರ ಜನವರಿಯಲ್ಲಿ. ಆಗ ಅದಕ್ಕೆ ಶುಲ್ಕವೇ ಇರಲಿಲ್ಲ. ಆಗಲೂ ಅದಕ್ಕೆ ಹಣ ಕೇಳುವ ಖಾಸಗಿ ತಾಣಗಳು ಹುಟ್ಟಿಕೊಂಡವು! 2010ರಲ್ಲಿ 14 ಡಾಲರು, 2022ರಲ್ಲಿ 21, 2025ರ ಸೆಪ್ಟೆಂಬರ್ 30ರಿಂದ 40 ಎಂದು ಶುಲ್ಕ ಏರಿದಂತೆಲ್ಲ ದಲ್ಲಾಳಿಗಳ ದರವೂ ಏರಿತು. ಯೂರೋಪಿನ ‘ಎಟಿಯಾಸ್’ ಅನುಮತಿಯದಂತೂ ಇನ್ನೂ ವಿಚಿತ್ರ. ಅದು ಜಾರಿಗೆ ಬರುವುದಕ್ಕೆ ಮೊದಲೇ ಅದರ ಹೆಸರು ಹೊತ್ತ ತಾಣಗಳು ತಲೆಯೆತ್ತಿ, ಅಲ್ಲಿನ ಗಡಿ ಸಂಸ್ಥೆಯಾದ ಫ್ರಾಂಟೆಕ್ಸ್ ಪ್ರಯಾಣಿಕರನ್ನು ಎಚ್ಚರಿಸಬೇಕಾಯಿತು. ಬ್ರಿಟನ್ನಿನ ನ್ಯಾಯಾಲಯವೊಂದು 2018ರಲ್ಲಿ ಇಂಥ ತಾಣಗಳನ್ನು ನಡೆಸಿದವರಿಗೆ ಸೆರೆವಾಸ ವಿಧಿಸಿತು. ಗೂಗಲ್ ಸಂಸ್ಥೆಯೂ ಇವುಗಳ ಜಾಹೀರಾತಿಗೆ ನಿರ್ಬಂಧ ಹಾಕಿತು. ಒಂದು ಹೆಸರು ಅಳಿದರೆ ಇನ್ನೊಂದು ಹೆಸರಿನಲ್ಲಿ ಬರುವುದಕ್ಕೆ ಅಂತರಜಾಲದಲ್ಲಿ ಹೆಚ್ಚು ಹೊತ್ತು ಬೇಡವಷ್ಟೆ.

ಹಣವಷ್ಟೇ ಹೋದರೆ ಅದನ್ನು ಬುದ್ಧಿಗೇಡಿತನದ ತೆರಿಗೆಯೆಂದು ಮರೆಯಬಹುದಿತ್ತು. ನಾನು ಈ ಲೇಖನಿ ಹಿಡಿದದ್ದು ನಮ್ಮ ಕನ್ನಡ ಕೂಟದ ಹಿರಿಯ ಮಿತ್ರರೊಬ್ಬರಿಗಾಗಿ. ಅವರು ಇಲ್ಲಿ ಹಸಿರು ಕಾರ್ಡಿನವರು, ಪಾಸ್‌ಪೋರ್ಟು ಭಾರತದ್ದು. 2025ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರ ಅಕ್ಕನ ಮಗಳ ಮದುವೆ. ಸೋದರಮಾವನಾಗಿ ಮದುಮಗಳನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವರು ಅವರೇ. ಹೋಗುವ ದಾರಿಯಲ್ಲಿ ಲಂಡನ್ನಿನ ಮಗಳ ಮನೆಯಲ್ಲಿ ಎರಡು ರಾತ್ರಿ ಇರಬೇಕೆಂದು, ಅವರೂ ಇಂಥದೇ ಒಂದು ತಾಣದಲ್ಲಿ ಇ.ಟಿ.ಎ.ಗೆ ಹಣ ಕಟ್ಟಿದರು. ಭಾರತದ ಪಾಸ್‌ಪೋರ್ಟಿನವರಿಗೆ ಇ.ಟಿ.ಎ. ಸಲ್ಲುವುದಿಲ್ಲ, ಅವರು ವೀಸಾವನ್ನೇ ಪಡೆಯಬೇಕು. ಸರ್ಕಾರದ ತಾಣದಲ್ಲಿ ರಾಷ್ಟ್ರೀಯತೆಯನ್ನು ನಮೂದಿಸಿದೊಡನೆ ಇದು ತಿಳಿಯುತ್ತಿತ್ತು. ದಲ್ಲಾಳಿಯ ತಾಣ ಏನನ್ನೂ ಹೇಳಲಿಲ್ಲ. ಹಣ ಪಡೆದು ಒಂದು ರಸೀದಿಯನ್ನು ಕಳಿಸಿತು. ಆ ರಸೀದಿಯನ್ನೇ ಅವರು ಅನುಮತಿಯೆಂದು ನಂಬಿ ಮುದ್ರಿಸಿಕೊಂಡರು.

ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಅವರನ್ನು ತಡೆದರು. ಥ್ಯಾಂಕ್ಸ್‌ಗಿವಿಂಗ್ ವಾರದ ಜನಸಂದಣಿ. ಬೇರೆ ಮಾರ್ಗದ ಟಿಕೆಟು ದೊರೆತದ್ದು ನಾಲ್ಕು ದಿನಗಳ ಮೇಲೆ. ಅವರು ಮೈಸೂರು ತಲುಪಿದಾಗ ಧಾರೆ ಮುಗಿದು, ಛತ್ರದವರು ಚಪ್ಪರ ಬಿಚ್ಚುತ್ತಿದ್ದರು.

ಆದುದರಿಂದ ಪ್ರತಿನಿಧಿ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೆ: ಶುಲ್ಕವನ್ನು ಕೇಳುವ ಮೊದಲು, ಈ ಅನುಮತಿ ತಮಗೆ ಬೇಕೇ, ತಮಗೆ ಸಲ್ಲುವುದೇ ಎಂದು ಕೇಳಿಕೊಳ್ಳಿರಿ. ಹೀಥ್ರೂವಿನಲ್ಲಿ ಗಡಿ ತಪಾಸಣೆಯನ್ನು ದಾಟದೆ, ಒಳಗಿಂದೊಳಗೇ ಬೆಂಗಳೂರಿನ ವಿಮಾನಕ್ಕೆ ಬದಲಿಸುವವರಿಗೆ 2025ರ ಜನವರಿಯಲ್ಲಿಯೇ ಇ.ಟಿ.ಎ.ಯಿಂದ ತಾತ್ಕಾಲಿಕ ವಿನಾಯಿತಿ ದೊರೆಯಿತು. ಇದನ್ನರಿಯದೆ ಕಟ್ಟಿದವರು ನಮ್ಮಲ್ಲಿಯೇ ಇದ್ದಾರೆ. ಕೆನಡಾದ ಅನುಮತಿಗೆ ಅಲ್ಲಿನ 7 ಡಾಲರು. ಅಮೆರಿಕದ ಪೌರರಿಗೂ ಹಸಿರು ಕಾರ್ಡಿನವರಿಗೂ ಅದು ಬೇಕಿಲ್ಲ. ಊರಿಗೆ ಬರುವ ಅಮೆರಿಕನ್ ಅಳಿಯಂದಿರಿಗೂ ಸೊಸೆಯರಿಗೂ ಬೇಕಾದ ಭಾರತದ ಇ-ವೀಸಾದ ತಾಣ ‘ಜಿ.ಓ.ವಿ. ಡಾಟ್ ಐ.ಎನ್.’ ಎಂದು ಮುಗಿಯುತ್ತದೆ. ನಕಲಿಗಳಿಂದ ಎಚ್ಚರವಿರಲಿ ಎಂದು ಅದೇ ತಾಣ ಹೇಳುತ್ತದೆ. ಅಮೆರಿಕದ್ದು ‘ಜಿ.ಓ.ವಿ.’ ಎಂದೂ ಬ್ರಿಟನ್ನಿನದು ‘ಜಿ.ಓ.ವಿ. ಡಾಟ್ ಯು.ಕೆ.’ ಎಂದೂ ಕೊನೆಗೊಳ್ಳುತ್ತವೆ. ಕೆನಡಾದವರು ಮಾತ್ರ ಈ ಅಕ್ಷರಗಳನ್ನು ಬಳಸದೆ ‘ಕೆನಡಾ ಡಾಟ್ ಸಿ.ಎ.’ ಎಂದಿಟ್ಟುಕೊಂಡಿದ್ದಾರೆ. ಎಲ್ಲರೂ ಒಂದೇ ಪದ್ಧತಿಯನ್ನು ಅನುಸರಿಸಿದ್ದರೆ ದಲ್ಲಾಳಿಗಳಿಗೆ ಕಷ್ಟವಾಗುತ್ತಿತ್ತೇನೋ.

ಈ ಸಂಗತಿಯನ್ನು ಸ್ಮರಣ ಸಂಚಿಕೆಗೆ ಬರೆಯಲೇ ಎಂದು ಆ ಮಿತ್ರರನ್ನು ಕೇಳಿದೆ. ಬರೆಯಿರಿ, ಹೆಸರು ಮಾತ್ರ ಬೇಡ ಎಂದರು. ವಿಮಾನ ಕೆಟ್ಟು ನಿಂತಿತೆಂದೇ ಅವರ ಅಕ್ಕ ಇಂದಿಗೂ ತಿಳಿದಿದ್ದಾರೆ.