ಜೀಪಿನ ಗೇರ್‌ಬಾಕ್ಸ್‌ಗೆ ಯಾವ ಎಣ್ಣೆ?

ಕೊಡಚಾದ್ರಿಗೂ ಮಡಿಕೇರಿ ಬಳಿಯ ಮಾಂದಲಪಟ್ಟಿಗೂ ಜನರನ್ನು ಹೊತ್ತೊಯ್ಯುವ ಜೀಪುಗಳು ಕಡಿದಾದ ಏರಿನುದ್ದಕ್ಕೂ ಒಂದನೇ, ಎರಡನೇ ಗೇರಿನಲ್ಲೇ ಏಗುತ್ತವೆ. ಎಂಜಿನ್ ಜೋರಾಗಿ ಓಡುತ್ತಿರುತ್ತದೆ, ಚಕ್ರ ಮಾತ್ರ ನಿಧಾನವಾಗಿ ಉರುಳುತ್ತಿರುತ್ತದೆ. ಇವೆರಡರ ನಡುವಿನ ಬಲವೆಲ್ಲ ಹಾದುಹೋಗುವುದು ಕೆಲವೇ ಲೀಟರ್ ಎಣ್ಣೆಯಲ್ಲಿ ಅದ್ದಿ ನಿಂತ ಗೇರಿನ ಹಲ್ಲುಗಳ ಮೂಲಕ. ಎಂಜಿನ್ ಆಯಿಲನ್ನು ಹತ್ತು ಕಡೆ ವಿಚಾರಿಸಿ ಕೊಳ್ಳುವವರೂ ಗೇರ್ ಆಯಿಲ್ ಎಂದಾಗ ‘ನೈಂಟಿ ಯಾವುದಾದ್ರೂ ಹಾಕಿ’ ಎಂದುಬಿಡುತ್ತಾರೆ. ಗೇರ್‌ಬಾಕ್ಸ್ ಹಾಳಾಗುವುದಕ್ಕೆ ಅಷ್ಟು ಸಾಕು.

ಈ ಎಣ್ಣೆಗೆ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳಿವೆ. ಹಲ್ಲು ಹಲ್ಲಿಗೆ ತಾಗುವಲ್ಲಿ ಉಕ್ಕಿಗೆ ಉಕ್ಕು ತಿಕ್ಕದಂತೆ ತಡೆಯುವುದು ಒಂದು. ಇನ್ನೊಂದನ್ನು ಹೆಚ್ಚಿನವರು ಯೋಚಿಸಿರುವುದೇ ಇಲ್ಲ: ಒಂದು ಜಾಗದಲ್ಲಿ ಎಣ್ಣೆ ಘರ್ಷಣೆಗೆ ಅವಕಾಶ ಕೊಡಬೇಕು. ಇಂದಿನ ಗೇರ್‌ಬಾಕ್ಸ್‌ನಲ್ಲಿ ಮುನ್ನಡೆಯ ಗೇರುಗಳೆಲ್ಲ ಯಾವಾಗಲೂ ಜೋಡಿಯಾಗಿ ಕೂಡಿಕೊಂಡೇ ತಿರುಗುತ್ತಿರುತ್ತವೆ. ನಾವು ಲಿವರ್ ಎಳೆದಾಗ ಅವುಗಳಲ್ಲಿ ಒಂದು ಶಾಫ್ಟಿಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಳ್ಳುವ ಮೊದಲು ಎರಡರ ವೇಗವೂ ಒಂದಾಗಬೇಕು. ಚಲಿಸುವ ಬಸ್ಸನ್ನು ಹತ್ತುವವನು ಮೊದಲು ಅದರ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಹಾಗೆ. ಆ ಓಟವನ್ನು ಓಡಿಸುವುದು ಸಿಂಕ್ರೊನೈಸರ್ ಎಂಬ ಉಂಗುರ, ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ಹಿತ್ತಾಳೆಯದು. ಅದರ ಒಳಮೈಯ ಸಣ್ಣ ಗೀರುಗಳು ಎಣ್ಣೆಯ ಪದರವನ್ನು ಕತ್ತರಿಸಿ, ಗೇರಿನ ಶಂಕುವಿನಾಕಾರದ ಮೈಯನ್ನು ಒತ್ತಿ ಹಿಡಿಯುತ್ತವೆ. ಕ್ಷಣಾರ್ಧದ ಆ ಉಜ್ಜಾಟದಲ್ಲಿ ವೇಗ ಸಮನಾಗುತ್ತದೆ. ಎಣ್ಣೆ ಅತಿಯಾಗಿ ಜಾರಿದರೆ ಉಂಗುರಕ್ಕೆ ಹಿಡಿತ ಸಿಗದು. ಕರಕರ ಎಂಬ ಸದ್ದು ಕೇಳಿಸುವುದು ಆಗಲೇ.

ಅಂಗಡಿಯಲ್ಲಿ ಡಬ್ಬಿಗಳ ಮೇಲೆ ಕಾಣುವ ಜಿಎಲ್-4, ಜಿಎಲ್-5 ಎಂಬ ಗುರುತುಗಳು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಮಾಡಿದ ವರ್ಗಗಳು. ನಾಲ್ಕಕ್ಕಿಂತ ಐದು ದೊಡ್ಡದು, ಆದ್ದರಿಂದ ಉತ್ತಮ ಎಂದು ಗ್ರಾಹಕರೂ ಕೆಲವು ಮೆಕ್ಯಾನಿಕ್‌ಗಳೂ ನಂಬಿದ್ದಾರೆ. ವಾಸ್ತವದಲ್ಲಿ ಅವು ಮೇಲು ಕೀಳಿನ ಮೆಟ್ಟಿಲಲ್ಲ, ಬೇರೆ ಬೇರೆ ಕೆಲಸಕ್ಕೆ ಮಾಡಿದವು. ಜಿಎಲ್-5 ಹುಟ್ಟಿದ್ದು, ಆಕ್ಸಲ್ ನಡುವೆ ಕೂತು ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರುಗಳಿಗಾಗಿ. ಅಲ್ಲಿ ಚಿಕ್ಕ ಗೇರಾದ ಪಿನಿಯನ್ನಿನ ಅಕ್ಷ ದೊಡ್ಡ ಗೇರಾದ ಕ್ರೌನಿನ ಅಕ್ಷವನ್ನು ಸಂಧಿಸದೆ ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಭಾರೀ ಒತ್ತಡದಲ್ಲಿ ಜಾರುತ್ತವೆ, ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೆಂದೇ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ತಿಕ್ಕಾಟದ ಬಿಸಿಗೆ ಅವು ಉಕ್ಕಿನೊಡನೆ ವರ್ತಿಸಿ ಮೇಲ್ಮೈಯಲ್ಲಿ ತೆಳುವಾದ ಪೊರೆ ಕಟ್ಟುತ್ತವೆ. ಸವೆಯುವುದು ಆ ಪೊರೆ, ಉಕ್ಕು ಉಳಿಯುತ್ತದೆ. ನನ್ನ ಮಟ್ಟಿಗೆ ಇದು ರಸಾಯನಶಾಸ್ತ್ರದ ಅತ್ಯಂತ ಚೆಲುವಾದ ಉಪಾಯಗಳಲ್ಲಿ ಒಂದು.

ಜಿಎಲ್-5ರಲ್ಲಿ ಈ ರಾಸಾಯನಿಕಗಳು ಜಿಎಲ್-4ರ ಸುಮಾರು ಎರಡು ಪಟ್ಟು ಇರುತ್ತವೆ. ಬಿಸಿಯಲ್ಲಿ ಚುರುಕಾಗುವ ಗಂಧಕಕ್ಕೆ ತಾಮ್ರ ಬೆರೆತ ಲೋಹ ಕಂಡರಾಗದು, ಹಿತ್ತಾಳೆಯ ಉಂಗುರವನ್ನು ಅದು ಮೆಲ್ಲಗೆ ತಿನ್ನುತ್ತದೆ. ಈಚಿನ ಜಿಎಲ್-5 ಎಣ್ಣೆಗಳಲ್ಲಿ ಈ ಕಾಟ ಬಹಳ ಕಡಿಮೆಯಾಗಿದೆ ಎಂಬುದನ್ನೂ ಹೇಳಬೇಕು. ಆದರೆ ಜಾರಿಕೆಯ ತೊಂದರೆ ಹಾಗೇ ಉಳಿದಿದೆ. ಅತ್ತ ಡಿಫರೆನ್ಷಿಯಲ್‌ಗೆ ಜಿಎಲ್-4 ಸುರಿದರೆ ಹೈಪಾಯ್ಡ್ ಹಲ್ಲುಗಳೇ ಬೇಗ ಸವೆದುಹೋಗುತ್ತವೆ.

‘ನಮ್ಮದು ಕಲ್ಲುಮಣ್ಣಿನ ಹಾದಿ, ಲೋ ಗೇರಿನಲ್ಲಿ ಭಾರ ಜಾಸ್ತಿ, ಗಟ್ಟಿ ಎಣ್ಣೆಯೇ ಬೇಕು’ ಎಂಬ ವಾದದಲ್ಲಿ ಸ್ವಲ್ಪ ಹುರುಳಿದೆ. ಹಲ್ಲುಗಳು ನಿಧಾನವಾಗಿ ತಿರುಗಿದಷ್ಟೂ ಅವುಗಳ ನಡುವೆ ಎಳೆದುಕೊಳ್ಳುವ ಎಣ್ಣೆಯ ಪದರ ತೆಳುವಾಗುತ್ತದೆ. ಆದರೆ ಗೇರ್‌ಬಾಕ್ಸಿನ ಓರೆ ಹಲ್ಲುಗಳಿಗೆ ಜಿಎಲ್-4ರ ರಕ್ಷಣೆ ಸಾಕಾಗುತ್ತದೆ. ಇನ್ನು 90 ಎಂಬ ಅಂಕಿ. ಗೇರ್ ಆಯಿಲಿನ ಅಳತೆಗೋಲೇ ಬೇರೆ. ಅದರ 90, ಎಂಜಿನ್ ಆಯಿಲಿನ 40 ಅಥವಾ 50ರಷ್ಟೇ ಮಂದ. 75ಡಬ್ಲ್ಯು-90 ಮತ್ತು 80ಡಬ್ಲ್ಯು-90 ಎರಡೂ ಬಿಸಿಯಾದಾಗ ಒಂದೇ, ವ್ಯತ್ಯಾಸವಿರುವುದು ಚಳಿಯಲ್ಲಿ. 80ಡಬ್ಲ್ಯು ಎಣ್ಣೆಯನ್ನು ಮೈನಸ್ 26 ಡಿಗ್ರಿಯಲ್ಲಿ ಪರೀಕ್ಷಿಸಿದರೆ, 75ಡಬ್ಲ್ಯು ಎಣ್ಣೆಯನ್ನು ಮೈನಸ್ 40ರಲ್ಲಿ. ಮಲೆನಾಡಿಗೆ ಎರಡೂ ನಡೆದೀತು, ಚಳಿಗಾಲದಲ್ಲಿ ಲಡಾಖಿಗೆ ಗಾಡಿ ಓಡಿಸುವವರಿಗೆ 75ಡಬ್ಲ್ಯು-90 ಸರಿ.

ಮಂದವಾದ ಎಣ್ಣೆಯೇ ಬಲ ಎಂಬ ನಂಬಿಕೆಯನ್ನು ಬ್ರಿಟನ್ನಿನ ಲ್ಯಾಂಡ್ ರೋವರ್ ಡಿಫೆಂಡರ್ ಅಲುಗಾಡಿಸುತ್ತದೆ. 1990ರ ಸುಮಾರಿನ ಡಿಫೆಂಡರ್‌ಗಳ ಎಲ್‌ಟಿ77 ಗೇರ್‌ಬಾಕ್ಸ್‌ಗೆ ಕಂಪನಿ ಹೇಳಿದ್ದು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗಾಡಿಗಳಿಗೆ ಹಾಕುವ ತೆಳ್ಳನೆಯ ಕೆಂಪು ಎಣ್ಣೆ. ಬಿಸಿಯಲ್ಲಿ ಅದರ ಮಂದತೆ ನೈಂಟಿಯ ಸುಮಾರು ಅರ್ಧ. ಆ ಗೇರ್‌ಬಾಕ್ಸಿನೊಳಗೆ ಎಣ್ಣೆ ತಳ್ಳುವ ಪುಟ್ಟ ಪಂಪಿದೆ, ಬೇರಿಂಗು, ಉಂಗುರಗಳನ್ನೆಲ್ಲ ತೆಳು ಎಣ್ಣೆಗೆ ತಕ್ಕಂತೆ ಮಾಡಿದ್ದಾರೆ. ಅದೇ ಗಾಡಿಯಲ್ಲಿ ಬಲವನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ಎರಡು ಆಕ್ಸಲ್‌ಗಳಿಗೂ ಮಾತ್ರ 90ರ ಎಣ್ಣೆ. ಒಂದೇ ಗಾಡಿಯ ಒಂದೊಂದು ಭಾಗಕ್ಕೂ ಒಂದೊಂದು ಎಣ್ಣೆ ಎಂದಾಗ, ಹೊರಗಿನವರ ಊಹೆಗೆ ಎಷ್ಟು ಬೆಲೆ ಕೊಡಬಹುದು?

ಸರಿಯಾದ ಎಣ್ಣೆಯನ್ನೂ ಕೆಡಿಸುವುದು ಹಳ್ಳದ ನೀರು. ಬಿಸಿಯಾದ ಗೇರ್‌ಬಾಕ್ಸ್ ತಣ್ಣನೆಯ ನೀರಿಗಿಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿಯಾಡಲು ಇಟ್ಟ ಬ್ರೀದರ್ ಎಂಬ ಕಿಂಡಿ ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕವೂ ಸೀಲುಗಳ ಅಂಚಿನಿಂದಲೂ ನೀರನ್ನು ಒಳಗೆಳೆಯುತ್ತದೆ. ಆಗ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ಅಂಥ ಎಣ್ಣೆಯಲ್ಲಿ ಬೇರಿಂಗು ತುಕ್ಕು ಹಿಡಿಯಲು ತಿಂಗಳುಗಳು ಬೇಕಿಲ್ಲ. ಬ್ರೀದರ್‌ಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿದರೆ ಈ ಅಪಾಯದ ದೊಡ್ಡ ಪಾಲು ತಪ್ಪುತ್ತದೆ.

ಎಣ್ಣೆ ಬದಲಿಸುವಾಗ ಗಾಡಿ ಸಮನೆಲದಲ್ಲಿರಲಿ. ತುಂಬಿಸುವ ನಟ್ಟನ್ನು ಮೊದಲು ಬಿಚ್ಚಿ, ಡ್ರೇನ್ ನಟ್ಟನ್ನು ಆಮೇಲೆ. ಮೇಲಿನದು ಜಾಮ್ ಆಗಿದ್ದು ಎಣ್ಣೆಯೆಲ್ಲ ಸೋರಿಹೋದರೆ ಗಾಡಿ ಅಲ್ಲೇ ನಿಲ್ಲಬೇಕಾದೀತು. ಹೊರಬಂದ ಎಣ್ಣೆಯಲ್ಲಿ ಹೊನ್ನಿನ ಬಣ್ಣದ ಪುಡಿ ಮಿನುಗಿದರೆ ಸಿಂಕ್ರೊನೈಸರ್ ಸವೆಯುತ್ತಿದೆ ಎಂದರ್ಥ. ಹೊಸ ಎಣ್ಣೆಯನ್ನು ಗಾಡಿಯ ಜೊತೆ ಬಂದ ಪುಸ್ತಕ ನೋಡಿಯೇ ಕೊಳ್ಳಿ: ಅದು ಹೇಳುವ ವರ್ಗ, ಅದು ಹೇಳುವ ಗ್ರೇಡು. ಪುಸ್ತಕ ಕಳೆದುಹೋಗಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಗಾಡಿಯ ಮಾದರಿ, ವರ್ಷ ಹೇಳಿ ಕೇಳಿ, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್ ಮೂರಕ್ಕೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.